ಕಣ್ಣಿನ ನರಕ್ಕೆ ಕಿಂಡಿಯೋ, ತಲೆಗೆ ಶಂಟೋ, ರಕ್ತನಾಳಕ್ಕೆ ಸ್ಟೆಂಟೋ: ಯಾವುದು ಯಾರಿಗೆ

ಕಳೆ ಕೀಳಲು ಬಗ್ಗಿ ಎದ್ದಾಗ ನಾಲ್ಕೈದು ಸೆಕೆಂಡು ಕಣ್ಣಿಗೆ ಕತ್ತಲೆ ಕವಿದು ಮತ್ತೆ ಬೆಳಕಾಗುವುದು. ಬೆಳಿಗ್ಗೆ ಎದ್ದರೆ ತಲೆ ಸಿಡಿಯುವುದು. ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಕಿವಿಯೊಳಗೆ ನಾಡಿಯ ತಾಳಕ್ಕೆ ಸರಿಯಾಗಿ ಸುಂಯ್ ಸುಂಯ್ ಸದ್ದು. ಮೂವತ್ತರ ಆಸುಪಾಸಿನ, ಈಚೆಗೆ ಒಂದೆರಡು ವರ್ಷದಲ್ಲಿ ಮೈ ಬಂದಿರುವ ಹೆಂಗಸು ಈ ಮೂರನ್ನೂ ಹೇಳಿದರೆ ಪಿತ್ತ, ನಿಶ್ಶಕ್ತಿ, ಕನ್ನಡಕದ ನಂಬರ್ ಎಂದು ತಳ್ಳಿಹಾಕಬಾರದು. ಕಣ್ಣಿನ ಹಿಂಭಾಗವನ್ನು ಅದೇ ವಾರ ತೋರಿಸಬೇಕು. ಅಲ್ಲಿ ನರದ ತುದಿ ಊದಿಕೊಂಡಿದ್ದರೆ ಅದಕ್ಕೆ ಪ್ಯಾಪಿಲೆಡಿಮಾ ಎನ್ನುತ್ತಾರೆ. ಕಾರಣ ತಲೆಬುರುಡೆಯೊಳಗಿನ ಒತ್ತಡ. ಗಡ್ಡೆ, ಸೋಂಕು, ರಕ್ತ ಹೆಪ್ಪುಗಟ್ಟುವಿಕೆ ಯಾವುದೂ ಇಲ್ಲದೆಯೂ ಈ ಒತ್ತಡ ಏರಿದ್ದರೆ ಚೀಟಿಯಲ್ಲಿ ಐಐಎಚ್ ಎಂದು ಬರೆದಿರುತ್ತದೆ: ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್. ಹೈಪರ್‌ಟೆನ್ಷನ್ ಎಂಬ ಪದ ಕಂಡು ಬಿಪಿ ಮಾತ್ರೆ ನುಂಗಲು ಶುರುಮಾಡುವವರಿದ್ದಾರೆ. ಇದು ಬಿಪಿ ಅಲ್ಲ.

ಹೆಚ್ಚಿನವರಿಗೆ ಮಾತ್ರೆ ಮತ್ತು ತೂಕ ಇಳಿಕೆಯಲ್ಲೇ ಮುಗಿಯುತ್ತದೆ. ಅದರಲ್ಲಿ ಮುಗಿಯದವರ ಮುಂದೆ ಮೂರು ದಾರಿಗಳಿವೆ: ಕಣ್ಣಿನ ನರದ ಹೊದಿಕೆಗೆ ಕಿಂಡಿ ತೆಗೆಯುವುದು, ಮಿದುಳಿನ ನೀರನ್ನು ಕೊಳವೆಯಲ್ಲಿ ಹೊಟ್ಟೆಗೆ ಬಿಡುವ ಶಂಟ್, ತಲೆಯೊಳಗಿನ ದೊಡ್ಡ ಅಭಿಧಮನಿಗೆ ಸ್ಟೆಂಟ್. ಒಂದನ್ನು ಮಾಡುವವರು ಕಣ್ಣಿನ ವೈದ್ಯರು, ಇನ್ನೊಂದನ್ನು ನರಶಸ್ತ್ರಚಿಕಿತ್ಸಕರು, ಮೂರನೆಯದನ್ನು ರಕ್ತನಾಳದೊಳಗೆ ಕೆಲಸ ಮಾಡುವ ರೇಡಿಯಾಲಜಿಯವರು. ಹೀಗಾಗಿ ಯಾವ ಬಾಗಿಲಿಗೆ ಮೊದಲು ಹೋದಿರೋ ಆ ಬಾಗಿಲಿನ ಉಪಾಯವೇ ಮೊದಲು ಕಿವಿಗೆ ಬೀಳುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕಾಗಿರುವುದು ಅದಕ್ಕೇ.

ನರಕ್ಕೆ ಆಗುವುದೇನು

ಕಣ್ಣುಗುಡ್ಡೆಯ ಹಿಂದಿನಿಂದ ಮಿದುಳಿನವರೆಗೆ ಕಣ್ಣಿನ ನರದ ಉದ್ದ ಸುಮಾರು 5 ಸೆಂಟಿಮೀಟರ್. ಒಳಗೆ ಹತ್ತಿರ ಹತ್ತಿರ 12 ಲಕ್ಷ ಎಳೆಗಳು. ಮಿದುಳನ್ನು ಸುತ್ತಿಕೊಂಡಿರುವ ಪೊರೆಗಳೇ ಈ ನರದ ಮೇಲೂ ತೋಳಿನಂತೆ ಕಣ್ಣುಗುಡ್ಡೆಯವರೆಗೆ ಬರುತ್ತವೆ. ಪೊರೆಗೂ ನರಕ್ಕೂ ನಡುವಿನ ಸಂದಿಯಲ್ಲಿ ಮಿದುಳಿನ ನೀರೇ ತುಂಬಿರುತ್ತದೆ. ತಲೆಯಲ್ಲಿ ಒತ್ತಡ ಏರಿದರೆ ಆ ನೀರು ನರವನ್ನು ಸುತ್ತಲಿಂದ ಹಿಸುಕುತ್ತದೆ. ಎಳೆಗಳೊಳಗೆ ಹರಿಯಬೇಕಾದ ಸಾರ ತಡೆದು ನಿಂತು ತುದಿ ಊದುತ್ತದೆ. ಊದಿದ್ದು ವಾರಗಟ್ಟಲೆ, ತಿಂಗಳುಗಟ್ಟಲೆ ಇಳಿಯದೆ ಹೋದರೆ ಎಳೆಗಳು ಸಾಯುತ್ತವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ.

ಇಲ್ಲೊಂದು ಮೋಸವಿದೆ. ಎಳೆಗಳು ಸತ್ತ ನರ ಊದುವುದಿಲ್ಲ. ಆದ್ದರಿಂದ 'ಊತ ಇಳಿದಿದೆ' ಎಂಬ ವರದಿ ಒಳ್ಳೆಯ ಸುದ್ದಿಯೂ ಇರಬಹುದು, ನರ ಒಣಗಿದ ಸುದ್ದಿಯೂ ಇರಬಹುದು. ಎರಡನ್ನೂ ಬೇರೆ ಮಾಡಿ ತೋರಿಸುವುದು ಪೆರಿಮೆಟ್ರಿ, ಅಂದರೆ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು ಬೆಳಕಿನ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತುವ ಪರೀಕ್ಷೆ. ಕಣ್ಣಿನ ಹಿಂಪದರಗಳ ದಪ್ಪ ಅಳೆಯುವ ಓಸಿಟಿ ಸ್ಕ್ಯಾನಿನಲ್ಲಿ ನರಪದರ ತೆಳುವಾಗುತ್ತ, ಪೆರಿಮೆಟ್ರಿಯೂ ಕೆಡುತ್ತ ಹೋಗುತ್ತಿದ್ದರೆ ಗುಣವಾಗುತ್ತಿದೆ ಎಂದು ನಂಬಿ ಕೂರಬೇಡಿ. ಗೋಡೆಯ ಮೇಲಿನ ಅಕ್ಷರ ಓದಿಸುವುದರಿಂದಲೂ ಸಮಾಧಾನಪಡುವಂತಿಲ್ಲ. ಈ ರೋಗದಲ್ಲಿ ಮೊದಲು ಹೋಗುವುದು ಸುತ್ತಲಿನ ನೋಟ. ಕೊನೆಯ ಸಾಲಿನವರೆಗೆ ಅಕ್ಷರ ಓದುವವರೇ ಪಕ್ಕದಲ್ಲಿ ಬಂದ ಬೈಕ್ ಕಾಣದೆ ಗುದ್ದಿಸಿಕೊಳ್ಳುತ್ತಾರೆ.

ಆಪರೇಷನ್ ಮಾತಿಗೆ ಮೊದಲು

ನರ ಊದಿದೆ ಎಂದು ಗೊತ್ತಾದ ಕೂಡಲೇ ನೋಡಬೇಕಾದದ್ದು ಬಿಪಿ. ವಿಪರೀತ ಏರಿದ ರಕ್ತದೊತ್ತಡವೂ ಎರಡೂ ಕಣ್ಣಿನ ನರವನ್ನು ಹೀಗೇ ಊದಿಸುತ್ತದೆ. ಅಂಥವರಿಗೆ ಬಿಪಿಯನ್ನು ಹಂತಹಂತವಾಗಿ ಇಳಿಸಬೇಕು, ಒಮ್ಮೆಲೆ ಕೆಡವಿದರೆ ನರಕ್ಕೆ ರಕ್ತ ಸಾಲದೆ ಕಣ್ಣೇ ಹೋಗಬಹುದು. ಎರಡನೆಯದು ಹಿಮೋಗ್ಲೋಬಿನ್. ತೀವ್ರ ರಕ್ತಹೀನತೆಯಿಂದಲೂ ಈ ಊತ ಬರುತ್ತದೆ, ಅದನ್ನು ಸರಿಪಡಿಸಿದರೆ ಎಷ್ಟೋ ಸಲ ಇಳಿಯುತ್ತದೆ. ಮುಟ್ಟಿನ ಸ್ರಾವ ಹೆಚ್ಚಿರುವ ಹೆಂಗಸರಲ್ಲಿ ಇದನ್ನು ಮರೆಯುವಂತೆಯೇ ಇಲ್ಲ.

ಆಮೇಲೆ ಎಂಆರ್‌ಐ. ಬರೀ ಎಂಆರ್‌ಐ ಸಾಲದು, ಜೊತೆಗೆ ತಲೆಯ ಅಭಿಧಮನಿಗಳನ್ನು ತೋರಿಸುವ ಎಂಆರ್ ವೀನೋಗ್ರಾಮ್ ಬೇಕೆಂದು ಕೇಳಿ. ತಲೆಯ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೂ ಲಕ್ಷಣಗಳು ಇವೇ, ಆದರೆ ಚಿಕಿತ್ಸೆ ಬೇರೆ: ಮೊದಲು ಹೆಪಾರಿನ್‌ನಂಥ ರಕ್ತ ತೆಳು ಮಾಡುವ ಮದ್ದು. ಬಾಣಂತಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇದರ ಅಪಾಯ ಹೆಚ್ಚು. ಮಗುವಿಗೆ ಶೀತವಾಗುತ್ತದೆಂದು ಬಾಣಂತಿಗೆ ನೀರನ್ನು ಅಳೆದು ಕೊಡುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ರಕ್ತ ಗಟ್ಟುವುದು ಇನ್ನೂ ಸುಲಭ. ಹೆರಿಗೆಯಾಗಿ ಕೆಲವು ವಾರಗಳೊಳಗೆ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್ ಕಾಣಿಸಿದರೆ ಗಾಳಿ ಸೋಂಕು ಎಂದು ಶಾಸ್ತ್ರ ಮಾಡಿಸುತ್ತ ಕೂರದೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೊರಡಿ.

ಸ್ಕ್ಯಾನಿನಲ್ಲಿ ಗಡ್ಡೆ ಇಲ್ಲವೆಂದು ಖಚಿತವಾದ ಮೇಲೆಯೇ ಬೆನ್ನಿಂದ ನೀರು ತೆಗೆದು ನೋಡುತ್ತಾರೆ. ಪಕ್ಕಕ್ಕೆ ಮಲಗಿಸಿ, ಕಾಲು ಸಡಿಲಬಿಟ್ಟು, ಉಸಿರು ಬಿಗಿಹಿಡಿಯದಂತೆ ಹೇಳಿ ಅಳೆದ ಒತ್ತಡ ದೊಡ್ಡವರಲ್ಲಿ 25 ಸೆಂಟಿಮೀಟರ್ ನೀರಿನಷ್ಟು ಅಥವಾ ಅದಕ್ಕೂ ಮೇಲಿದ್ದರೆ ಹೆಚ್ಚು ಎಂದರ್ಥ. ಕೂರಿಸಿ ಅಳೆದ ಸಂಖ್ಯೆಗೆ ಬೆಲೆಯಿಲ್ಲ. ಒತ್ತಡ ಅಳೆಯದೆ ನೀರು ಮಾತ್ರ ಲ್ಯಾಬಿಗೆ ಕಳಿಸಿ, ಮತ್ತೊಮ್ಮೆ ಬೆನ್ನು ಚುಚ್ಚಿಸಿಕೊಳ್ಳುವ ಪಾಡು ಬೇಡವೆಂದರೆ ಮೊದಲೇ ಕೇಳಿ. ನೀರಿನ ಪರೀಕ್ಷೆಯಿಂದ ಕ್ಷಯದ ಮತ್ತು ಶಿಲೀಂಧ್ರದ ಮಿದುಳುಪೊರೆ ಸೋಂಕು ಇದೆಯೇ ಎಂಬುದೂ ತಿಳಿಯುತ್ತದೆ.

ಮೊಡವೆಗೆ ಕೊಟ್ಟ ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್, ಐಸೊಟ್ರೆಟಿನೋಯಿನ್, ವಿಟಮಿನ್ ಎ, ಹಾಗೆಯೇ ಬಹಳ ದಿನ ನುಂಗಿ ದಿಢೀರನೆ ನಿಲ್ಲಿಸಿದ ಸ್ಟಿರಾಯ್ಡ್: ಇವೂ ಒತ್ತಡ ಏರಿಸುತ್ತವೆ. ಮೆಡಿಕಲ್ ಶಾಪಿನಿಂದ ತಂದು ನುಂಗಿದ್ದನ್ನೂ ಸೇರಿಸಿ ಹಿಂದಿನ ಆರು ತಿಂಗಳ ಮಾತ್ರೆಗಳ ಪಟ್ಟಿ ಬರೆದುಕೊಂಡು ಹೋಗಿ. ಇನ್ನೊಂದು, ನರದ ತುದಿಯಲ್ಲಿ ಸುಣ್ಣದ ಕಾಳುಗಳು ಸೇರಿಕೊಂಡಿದ್ದರೂ ಊದಿದಂತೆ ಕಾಣುತ್ತದೆ. ಡ್ರೂಸೆನ್ ಎಂಬ ಇದನ್ನು ಕಣ್ಣಿನ ಅಲ್ಟ್ರಾಸೌಂಡ್ ಹಿಡಿದುಕೊಡುತ್ತದೆ. ಇದಕ್ಕೆ ಕಿಂಡಿಯೂ ಬೇಡ, ಶಂಟೂ ಬೇಡ.

ಮಾತ್ರೆ ಮತ್ತು ತೂಕ

ದೃಷ್ಟಿ ಸ್ವಲ್ಪವೇ ಕೆಟ್ಟಿದ್ದರೆ ಮೊದಲ ಮದ್ದು ಅಸೆಟಜೋಲಮೈಡ್. ನಮ್ಮಲ್ಲಿ ಡಯಾಮಾಕ್ಸ್ ಎಂದರೆ ಅಂಗಡಿಯವರಿಗೆ ಗೊತ್ತು, 250 ಮಿಲಿಗ್ರಾಂನ ಮಾತ್ರೆ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ 250ರಿಂದ 500 ಮಿಲಿಗ್ರಾಂನಿಂದ ಶುರುಮಾಡಿ ತಡೆದಷ್ಟು ಏರಿಸುತ್ತಾರೆ. 2014ರಲ್ಲಿ ಪ್ರಕಟವಾದ, 165 ರೋಗಿಗಳ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಪರೀಕ್ಷೆಯಲ್ಲಿ ದಿನಕ್ಕೆ 4 ಗ್ರಾಂವರೆಗೂ ಕೊಟ್ಟಿದ್ದರು. ಪಥ್ಯ ಮಾತ್ರ ಮಾಡಿದವರಿಗಿಂತ ಪಥ್ಯದ ಜೊತೆ ಮಾತ್ರೆಯನ್ನೂ ನುಂಗಿದವರ ನೋಟದ ಹರವು ಹೆಚ್ಚು ಸುಧಾರಿಸಿತು. ಕೈಬೆರಳು ಜುಮ್ಮೆನ್ನುವುದು, ಸೋಡಾ ಸಪ್ಪೆಯಾಗುವುದು, ಸುಸ್ತು ಇವೆಲ್ಲ ಇರುವಂಥವೇ, ಇವಕ್ಕೆ ಹೆದರಿ ಮಾತ್ರೆ ಬಿಡಬೇಡಿ. ಕಿಡ್ನಿ ಕಲ್ಲು ಆಗಿದ್ದವರು, ಬಸುರಿಯರು, ಸಲ್ಫಾ ಅಲರ್ಜಿ ಇರುವವರು ಮಾತ್ರ ಮೊದಲೇ ಹೇಳಬೇಕು. ಪೊಟ್ಯಾಸಿಯಂ ಆಗಾಗ ನೋಡಿಸಬೇಕು.

ತೂಕದ ಮಾತು ಬೇಸರ ತರಿಸುತ್ತದೆ, ಆದರೂ ಹೇಳಲೇಬೇಕು. 80 ಕೆಜಿ ಇರುವವರು 4ರಿಂದ 8 ಕೆಜಿ ಇಳಿಸಿದರೇ ಊತದಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ. ಮುದ್ದೆ ಬಿಡಬೇಕಿಲ್ಲ, ಎರಡಿದ್ದದ್ದು ಒಂದಾಗಲಿ, ಸೊಪ್ಪಿನ ಪಾಲು ಹೆಚ್ಚಲಿ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ದೂರವಿರಲಿ. ಆದರೆ ತೂಕ ಇಳಿಯಲು ತಿಂಗಳುಗಳು ಬೇಕು, ಹೋಗುತ್ತಿರುವ ಕಣ್ಣು ಅಷ್ಟು ದಿನ ಕಾಯುವುದಿಲ್ಲ. ಮಾತ್ರೆ ನುಂಗುತ್ತಿದ್ದರೂ ಪೆರಿಮೆಟ್ರಿ ಒಂದರಿಂದೊಂದಕ್ಕೆ ಕೆಡುತ್ತಿದ್ದರೆ, ಅಥವಾ ಮೊದಲ ಲಕ್ಷಣ ಕಂಡ ನಾಲ್ಕು ವಾರದೊಳಗೇ ದೃಷ್ಟಿ ತೀವ್ರವಾಗಿ ಕುಸಿದಿದ್ದರೆ, ಆಪರೇಷನ್ನಿನ ಮಾತು. ಎರಡನೆಯ ಪರಿಸ್ಥಿತಿಯಲ್ಲಿ ಲೆಕ್ಕ ದಿನಗಳದ್ದು, ವಾರಗಳದ್ದಲ್ಲ.

ಮತ್ತೆ ಮತ್ತೆ ಬೆನ್ನಿಂದ ನೀರು ತೆಗೆಸಿಕೊಂಡು ಕಾಲ ತಳ್ಳಬಹುದಲ್ಲ ಎಂದು ಕೇಳುವವರಿಗೆ ಒಂದು ಲೆಕ್ಕ. ಮಿದುಳು ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಉತ್ಪಾದಿಸುತ್ತದೆ, ಗಂಟೆಗೆ 20 ಮಿಲಿಲೀಟರ್ ಚಿಲ್ಲರೆ. 30 ಮಿಲಿ ತೆಗೆದರೆ ಒಂದೂವರೆ ಗಂಟೆಯಲ್ಲಿ ತುಂಬಿಕೊಳ್ಳುತ್ತದೆ. ಆಪರೇಷನ್ ಥಿಯೇಟರ್ ಸಿಗುವತನಕ ಹಿಡಿದಿಡಲು ಇದು ಸರಿ, ಚಿಕಿತ್ಸೆಯೆಂದಲ್ಲ.

ಕಿಂಡಿ: ನರದ ಹೊದಿಕೆಯ ಆಪರೇಷನ್

ಇದರ ಪೂರ್ತಿ ಹೆಸರು ಆಪ್ಟಿಕ್ ನರ್ವ್ ಶೀತ್ ಫೆನೆಸ್ಟ್ರೇಷನ್. ಹೆಸರಿನಲ್ಲಿ ನರವಿದ್ದರೂ ನರವನ್ನು ಕೊಯ್ಯುವುದಿಲ್ಲ, ಕೊಯ್ಯುವುದು ಅದರ ಹೊದಿಕೆಯನ್ನು. ಡಿ ವೆಕರ್ ಎಂಬ ವೈದ್ಯ 1872ರಲ್ಲೇ ಇದನ್ನು ವಿವರಿಸಿದ್ದ. ಆದರೆ ಹೊದಿಕೆ ಬಿಡಿಸಿದರೆ ಊತ ಯಾಕೆ ಇಳಿಯುತ್ತದೆ ಎಂಬುದನ್ನು 1960ರ ದಶಕದಲ್ಲಿ ಮಂಗಗಳ ಮೇಲೆ ತೋರಿಸಿಕೊಟ್ಟವರು ಭಾರತ ಮೂಲದ ಸೋಹನ್ ಸಿಂಗ್ ಹಯ್ರೇ. ಕಣ್ಣಿನ ಒಳಮೂಲೆಯ ಕಡೆಯಿಂದ ತಲುಪುವ ಈಗಿನ ದಾರಿ 1973ರಿಂದ ರೂಢಿಗೆ ಬಂತು.

ಮೈಪೂರ್ತಿ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಮೂಗಿನ ಕಡೆಯ ಕಂಜಂಕ್ಟೈವಾವನ್ನು, ಅಂದರೆ ಬಿಳಿಗುಡ್ಡೆಯ ಮೇಲಿನ ತೆಳುಪೊರೆಯನ್ನು ಬಿಡಿಸಿ, ಕಣ್ಣನ್ನು ಒಳಕ್ಕೆ ಎಳೆಯುವ ಸ್ನಾಯುವಿಗೆ ಕರಗುವ ದಾರದ ಹೊಲಿಗೆ ಹಾಕಿ ಗುಡ್ಡೆಯಿಂದ ಬೇರ್ಪಡಿಸುತ್ತಾರೆ. ಗುಡ್ಡೆಯನ್ನು ಕಿವಿಯ ಕಡೆಗೆ ಹೊರಳಿಸಿ, ನಡುವೆ ನುಗ್ಗುವ ಕೊಬ್ಬನ್ನು ಪಟ್ಟಿಯಂಥ ಸಲಕರಣೆಯಿಂದ ಬದಿಗೆ ಒತ್ತಿಹಿಡಿದರೆ ಮೈಕ್ರೋಸ್ಕೋಪಿನ ಕೆಳಗೆ ಉಬ್ಬಿದ ಬೆಳ್ಳಗಿನ ಹೊದಿಕೆ ಕಾಣುತ್ತದೆ. ಅದರ ಮೇಲೆ ಹಬ್ಬಿರುವ ಸಣ್ಣ ರಕ್ತನಾಳಗಳನ್ನು ತಪ್ಪಿಸಿ ಬರಿದಾದ ಜಾಗ ಹುಡುಕುವುದೇ ನಾಜೂಕಿನ ಕೆಲಸ. ಅಲ್ಲಿ ಕೆಲವೇ ಮಿಲಿಮೀಟರ್ ಅಗಲದ ಕಿಂಡಿ ಕತ್ತರಿಸುತ್ತಾರೆ, ಇಲ್ಲವೇ ಎರಡು ಮೂರು ಸೀಳು ಹಾಕುತ್ತಾರೆ. ನೀರು ಬುಳಕ್ಕನೆ ಹೊರಬಂದರೆ ಸರಿಯಾದ ಪದರಕ್ಕೆ ತಲುಪಿದೆ ಎಂದರ್ಥ. ಒಳಗಿನ ನಾರುಗಳನ್ನು ಸಣ್ಣ ಕೊಕ್ಕೆಯಿಂದ ಬಿಡಿಸಿ, ಸ್ನಾಯುವನ್ನು ಅದರ ಜಾಗಕ್ಕೇ ಹೊಲಿದು ಮುಗಿಸುತ್ತಾರೆ. ಮೇಲ್‌ರೆಪ್ಪೆಯ ಮಡಿಕೆಯ ಮೂಲಕ ಹೋಗುವ ದಾರಿಯೂ ಇದೆ, ಅದರಲ್ಲಿ ಸ್ನಾಯು ಬಿಡಿಸುವ ಪ್ರಸಂಗವಿಲ್ಲ. ಕಿವಿಯ ಕಡೆಯ ಮೂಳೆ ತೆಗೆದು ಹೋಗುವ ಹಳೆಯ ದಾರಿ ಈಗ ಅಪರೂಪ.

ಕೆಡುವುದು ಎಲ್ಲಿ? ಸ್ನಾಯು ಬಿಡಿಸಿ ಹೊಲಿದದ್ದರಿಂದ ಕೆಲವು ದಿನ, ಕೆಲವರಿಗೆ ಕೆಲವು ವಾರ ಒಂದು ಎರಡಾಗಿ ಕಾಣುತ್ತದೆ, ಬಹುಪಾಲು ತಾನೇ ಸರಿಹೋಗುತ್ತದೆ. ನರದ ಪಕ್ಕದ ಸೂಕ್ಷ್ಮ ನರಗಳಿಗೆ ಪೆಟ್ಟಾದರೆ ಪಾಪೆ ದೊಡ್ಡದಾಗಿಯೇ ಉಳಿಯಬಹುದು. ನಿಜವಾದ ಭಯ ಎರಡು: ಗುಡ್ಡೆಯ ಹಿಂದೆ ರಕ್ತ ಸೋರಿ ಗಟ್ಟುವುದು, ರೆಟಿನಾದ ಮುಖ್ಯ ರಕ್ತನಾಳ ಮುಚ್ಚುವುದು. ಎರಡೂ ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಗಂಟೆಗಳಲ್ಲಿ ಕಣ್ಣು ಹೋಗುತ್ತದೆ. ಆದ್ದರಿಂದ ಆಪರೇಷನ್ ಆದ ರಾತ್ರಿ ಪಟ್ಟಿ ಕಟ್ಟಿ ಮಲಗಿಸಿ ಬೆಳಿಗ್ಗೆ ನೋಡೋಣ ಎನ್ನುವ ವಾರ್ಡ್ ಬೇಡ. ಕೆಲವು ಗಂಟೆಗೊಮ್ಮೆ ಟಾರ್ಚ್ ಬಿಟ್ಟು 'ಬೆಳಕು ಕಾಣುತ್ತಾ ಅಮ್ಮಾ' ಎಂದು ಕೇಳುವವರು ಇರಬೇಕು.

ಈ ಆಪರೇಷನ್ ಇರುವುದು ಕಣ್ಣನ್ನು ಕಾಯಲು, ತಲೆನೋವು ಇಳಿಸಲು ಅಲ್ಲ. ತಲೆಯೊಳಗಿನ ಒತ್ತಡ ಸಾಮಾನ್ಯವಾಗಿ ಇದರಿಂದ ಅಷ್ಟೇನೂ ಇಳಿಯುವುದಿಲ್ಲ. ಮಾತ್ರೆ, ತೂಕ ಎರಡನ್ನೂ ಮುಂದುವರಿಸಲೇಬೇಕು. 'ಕಣ್ಣಿನ ಆಪರೇಷನ್ ಆಯಿತಲ್ಲ, ಇನ್ನೂ ಯಾಕೆ ತಲೆನೋವು' ಎಂದು ಮನೆಯವರು ಗೊಣಗುವುದು ಇದನ್ನು ಮೊದಲೇ ಹೇಳಿರದ ಕಾರಣಕ್ಕೆ. ಹೆಚ್ಚು ಕೆಟ್ಟಿರುವ ಕಣ್ಣಿಗೆ ಮೊದಲು ಮಾಡುತ್ತಾರೆ. ಕೆಲವರಲ್ಲಿ ಇನ್ನೊಂದು ಕಣ್ಣಿನ ಊತವೂ ಜೊತೆಗೇ ಇಳಿಯುತ್ತದೆ, ಇಳಿಯದಿದ್ದರೆ ಅದಕ್ಕೂ ಮಾಡಬೇಕಾಗುತ್ತದೆ. ಕಿಂಡಿ ವರ್ಷಗಳಲ್ಲಿ ಮುಚ್ಚಿಕೊಂಡು ದೃಷ್ಟಿ ಮತ್ತೆ ಕೆಡುವುದೂ ಉಂಟು.

ಶಂಟ್: ನೀರನ್ನು ಹೊಟ್ಟೆಗೆ ಬಿಡುವುದು

ವಿಪಿ ಶಂಟಿನಲ್ಲಿ ಮಿದುಳಿನ ಕುಹರಕ್ಕೆ, ಅಂದರೆ ನೀರು ತುಂಬಿರುವ ಒಳಗುಳಿಗೆ ಕೊಳವೆ ಇಳಿಸಿ, ಕಿವಿಯ ಹಿಂದೆ ವಾಲ್ವ್ ಕೂರಿಸಿ, ಕುತ್ತಿಗೆ ಮತ್ತು ಎದೆಯ ಚರ್ಮದಡಿ ತಂದು ಹೊಟ್ಟೆಯೊಳಗೆ ಬಿಡುತ್ತಾರೆ. ಎರಡೂ ಕಣ್ಣಿಗೂ ತಲೆನೋವಿಗೂ ಒಂದೇ ಏಟಿಗೆ ಪರಿಹಾರ. ಬ್ರಿಟನ್ನಿನ ತಜ್ಞರು 2018ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಕಣ್ಣು ತುರ್ತಾಗಿ ಹೋಗುತ್ತಿರುವವರಿಗೆ ಮೊದಲ ಆಯ್ಕೆ ಇದೇ. ಐಐಎಚ್ ಇರುವವರ ಕುಹರ ಸಣ್ಣದು. ಗುರಿ ತಪ್ಪದಿರಲು, ಸ್ಕ್ಯಾನ್ ನೋಡಿಕೊಂಡು ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರ ಇದೆಯೇ ಎಂದು ಕೇಳಿ.

ತೊಂದರೆ ಇರುವುದು ನಂತರದ ವರ್ಷಗಳಲ್ಲಿ. ಕೊಳವೆ ಕಟ್ಟಿಕೊಳ್ಳುತ್ತದೆ, ಜಾಗ ಬಿಡುತ್ತದೆ, ಸೋಂಕು ತಗಲುತ್ತದೆ, ನೀರು ಅತಿಯಾಗಿ ಹರಿದು ಎದ್ದು ಕೂತರೆ ತಲೆನೋವು ಬರುತ್ತದೆ. ಬೆನ್ನಿನಿಂದ ಹೊಟ್ಟೆಗೆ ಹಾಕುವ ಎಲ್‌ಪಿ ಶಂಟಿನಲ್ಲಿ ಮಿದುಳಿಗೆ ಕೈಹಾಕುವುದಿಲ್ಲ, ಆದರೆ ರಿಪೇರಿ ಇನ್ನೂ ಹೆಚ್ಚು. ಹೊರಗಿನಿಂದಲೇ ಒತ್ತಡ ಹೊಂದಿಸಬಹುದಾದ ಪ್ರೋಗ್ರಾಮೆಬಲ್ ವಾಲ್ವ್ ಅನುಕೂಲವೇನೋ ಸರಿ, ದೇಶದಲ್ಲೇ ತಯಾರಾಗುವ ಸಾದಾ ವಾಲ್ವಿಗೆ ಹೋಲಿಸಿದರೆ ಬೆಲೆ ಹಲವು ಪಟ್ಟು. ಅದರ ಕೆಲವು ಮಾದರಿಗಳ ಹೊಂದಾಣಿಕೆ ಎಂಆರ್‌ಐ ಯಂತ್ರದೊಳಗೆ ಹೋದರೆ ಬದಲಾಗಿಬಿಡುತ್ತದೆ, ಸ್ಕ್ಯಾನ್ ಆದ ದಿನವೇ ಪರೀಕ್ಷಿಸಿ ಸರಿಮಾಡಿಸಬೇಕು. ವಾಲ್ವಿನ ಕಂಪನಿ, ಮಾದರಿ, ಒತ್ತಡದ ಸಂಖ್ಯೆ ಬರೆದ ಕಾರ್ಡು ಸದಾ ಪರ್ಸಿನಲ್ಲಿರಲಿ.

ಸ್ಟೆಂಟ್: ಅಭಿಧಮನಿಯನ್ನು ಅಗಲಿಸುವುದು

ತಲೆಯ ಹಿಂಭಾಗದ ಟ್ರಾನ್ಸ್‌ವರ್ಸ್ ಸೈನಸ್ ಎಂಬ ದೊಡ್ಡ ಅಭಿಧಮನಿ ಈ ರೋಗಿಗಳಲ್ಲಿ ಬಹಳ ಸಲ ಸೊರಗಿರುತ್ತದೆ. ಒತ್ತಡದಿಂದ ನಾಳ ಅಮುಕಿಕೊಳ್ಳುತ್ತದೆ, ಅಮುಕಿದ್ದರಿಂದ ನೀರು ರಕ್ತಕ್ಕೆ ಸೇರಲಾರದೆ ಒತ್ತಡ ಇನ್ನೂ ಏರುತ್ತದೆ. ತೊಡೆಸಂದಿನಿಂದ ತಂತಿ ಏರಿಸಿ ಅಲ್ಲಿ ಸ್ಟೆಂಟ್ ಬಿಚ್ಚಿದರೆ ಈ ಸುಳಿ ಮುರಿಯುತ್ತದೆ. ಸ್ಕ್ಯಾನಿನಲ್ಲಿ ಸೊರಗಿದಂತೆ ಕಂಡ ಮಾತ್ರಕ್ಕೆ ಹಾಕುವುದಲ್ಲ. ಸೊರಗಿದ ಜಾಗದ ಹಿಂದೆ ಮುಂದೆ ಒತ್ತಡ ಅಳೆದು ಅಂತರ 8 ಮಿಲಿಮೀಟರ್ ಪಾದರಸ ಅಥವಾ ಅದಕ್ಕೂ ಹೆಚ್ಚಿದ್ದರೆ ಹಾಕುತ್ತಾರೆ. ಈ ಅಳತೆ ರೋಗಿ ಎಚ್ಚರವಿದ್ದಾಗ ಆದರೆ ಒಳ್ಳೆಯದು, ಅರಿವಳಿಕೆಯಲ್ಲಿ ಸಂಖ್ಯೆ ಏರುಪೇರಾಗುತ್ತದೆ.

ಇದರ ಬೆಲೆ ಮಾತ್ರೆಯ ರೂಪದಲ್ಲಿದೆ. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ಮೊದಲೇ ಶುರುಮಾಡಿ ಆಮೇಲೆ ತಿಂಗಳುಗಟ್ಟಲೆ, ಆಸ್ಪಿರಿನ್ನನ್ನು ಇನ್ನೂ ದೀರ್ಘಕಾಲ ನುಂಗಬೇಕು. ನಡುವೆ ನಿಲ್ಲಿಸಿದರೆ ಸ್ಟೆಂಟಿನಲ್ಲಿ ರಕ್ತ ಗಟ್ಟಬಹುದು. ಮುಟ್ಟಿನಲ್ಲಿ ವಿಪರೀತ ಸ್ರಾವವಿದ್ದು ಹಿಮೋಗ್ಲೋಬಿನ್ ಏಳೆಂಟಕ್ಕೆ ಇಳಿದಿರುವ ಹೆಂಗಸಿಗೆ, ಹೊಟ್ಟೆಹುಣ್ಣಿನಿಂದ ರಕ್ತಸ್ರಾವ ಆಗಿದ್ದವರಿಗೆ, ಬೇಗ ಮಗು ಬೇಕೆನ್ನುವವರಿಗೆ ಇದನ್ನು ಯೋಚಿಸಿಯೇ ಹೇಳಬೇಕು. ಸ್ಟೆಂಟ್ ಹಾಕಿದ ಪಕ್ಕದಲ್ಲಿ ಕೆಲವು ದಿನ ತಲೆ ನೋಯುವುದು ಸಾಮಾನ್ಯ.

ಮೂರನ್ನೂ ತಕ್ಕಡಿಗೆ ಹಾಕಿದರೆ

2015ರಲ್ಲಿ ಅಮೆರಿಕದ ನರರೇಡಿಯಾಲಜಿ ಪತ್ರಿಕೆಯೊಂದರಲ್ಲಿ ಬಂದ ವಿಮರ್ಶೆ ಅಲ್ಲಿಯವರೆಗಿನ ವರದಿಗಳನ್ನೆಲ್ಲ ಕೂಡಿಸಿ ನೋಡಿತು. ಕಿಂಡಿ ಮಾಡಿಸಿಕೊಂಡ 712 ಜನರಲ್ಲಿ ದೃಷ್ಟಿ ಸುಧಾರಿಸಿದ್ದು ಶೇ. 59 ಮಂದಿಗೆ, ತಲೆನೋವು ಇಳಿದಿದ್ದು ಶೇ. 44 ಮಂದಿಗೆ. ಗಂಭೀರ ತೊಂದರೆ ಶೇ. 1.5, ಮತ್ತೆ ಆಪರೇಷನ್ ಬೇಕಾಗಿದ್ದು ಶೇ. 14.8. ಶಂಟಿನ 435 ಜನರಲ್ಲಿ ದೃಷ್ಟಿ ಸುಧಾರಣೆ ಶೇ. 54, ತಲೆನೋವು ಇಳಿಕೆ ಶೇ. 80, ಗಂಭೀರ ತೊಂದರೆ ಶೇ. 7.6, ಮತ್ತೆ ಆಪರೇಷನ್ ಶೇ. 43. ಸ್ಟೆಂಟಿನ 136 ಜನರಲ್ಲಿ ಇವೇ ಅಂಕಿಗಳು ಕ್ರಮವಾಗಿ ಶೇ. 78, 83, 2.9 ಮತ್ತು 10.3.

ಹಾಗಾದರೆ ಸ್ಟೆಂಟೇ ಗೆದ್ದಿತು ಎಂದು ಓದಿಕೊಳ್ಳುವುದು ತಪ್ಪು. ಕಿಂಡಿಗೆ ಬರುವವರ ಕಣ್ಣು ಆಗಲೇ ಬಹಳ ಕೆಟ್ಟಿರುತ್ತದೆ, ಸ್ಟೆಂಟಿಗೆ ಆರಿಸಿಕೊಂಡವರಲ್ಲಿ ಎಷ್ಟೋ ಮಂದಿಗೆ ಅಷ್ಟು ಕೆಟ್ಟಿರುವುದಿಲ್ಲ. ಓಟದ ಆರಂಭದ ಗೆರೆಯೇ ಬೇರೆಬೇರೆ. ಕಿಂಡಿ ಮತ್ತು ಶಂಟನ್ನು ಚೀಟಿ ಎತ್ತಿ ಹಂಚಿ ನೇರವಾಗಿ ಹೋಲಿಸಲು ಅಮೆರಿಕದಲ್ಲಿ ಹೊರಟ ಪರೀಕ್ಷೆ ಸಾಕಷ್ಟು ರೋಗಿಗಳು ಸೇರದೆ ಅರ್ಧಕ್ಕೇ ನಿಂತಿತು.

ಆದ್ದರಿಂದ ಆಯ್ಕೆ ಅಂಕಿಯಿಂದಲ್ಲ, ಎದುರಿಗಿರುವ ರೋಗಿಯಿಂದ. ತಲೆನೋವು ಅಷ್ಟಿಲ್ಲ, ಒಂದು ಕಣ್ಣು ಇನ್ನೊಂದಕ್ಕಿಂತ ಬೇಗ ಹೋಗುತ್ತಿದೆ, ಹತ್ತಿರದಲ್ಲಿ ಕೈ ಪಳಗಿದ ಕಣ್ಣಿನ ಸರ್ಜನ್ ಇದ್ದಾರೆ: ಕಿಂಡಿ. ಎರಡೂ ಕಣ್ಣು ಒಟ್ಟಿಗೆ ಕುಸಿಯುತ್ತಿವೆ, ತಲೆನೋವು ವಾಂತಿಯೂ ತಡೆಯಲಾಗುತ್ತಿಲ್ಲ: ಶಂಟ್. ವೀನೋಗ್ರಾಮಿನಲ್ಲಿ ಸೊರಗುವಿಕೆ ಸ್ಪಷ್ಟ, ಒತ್ತಡದ ಅಂತರವೂ ಇದೆ, ಎರಡು ಮಾತ್ರೆ ತಪ್ಪದೆ ನುಂಗಬಲ್ಲರು: ಸ್ಟೆಂಟ್. ಬರೀ ತಲೆನೋವು, ಪೆರಿಮೆಟ್ರಿ ಚೆನ್ನಾಗಿದೆ ಎಂದರೆ ಮೂರೂ ಬೇಡ, ತಲೆನೋವಿಗೇ ಬೇರೆ ಚಿಕಿತ್ಸೆಯಿದೆ.

ದೂರವನ್ನೂ ತಕ್ಕಡಿಗೆ ಹಾಕಿ, ಇದನ್ನು ಪುಸ್ತಕಗಳು ಹೇಳುವುದಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣಗಳಿಂದ ಬೆಂಗಳೂರು 60-70 ಕಿಲೋಮೀಟರ್, ಆದರೆ ಪಾವಗಡದ ಹಳ್ಳಿಯಿಂದ ಅದು ಒಂದಿಡೀ ದಿನದ ಪ್ರಯಾಣ. ಶಂಟ್ ಕಟ್ಟಿಕೊಂಡರೆ ಅವತ್ತೇ ನರಶಸ್ತ್ರಚಿಕಿತ್ಸಕರ ಬಳಿ ಇರಬೇಕು. ಮಧ್ಯರಾತ್ರಿ ಹೊರಡಲು ಮನೆಯಲ್ಲಿ ಯಾರಿದ್ದಾರೆ ಎಂಬುದೂ ವೈದ್ಯಕೀಯ ಪ್ರಶ್ನೆಯೇ.

ಈ ಕಿಂಡಿ ಯಾರಿಗೆ ಬೇಡ

ಸಕ್ಕರೆ ಕಾಯಿಲೆ, ಬಿಪಿ ಇರುವ ಐವತ್ತು ದಾಟಿದವರು ಬೆಳಿಗ್ಗೆ ಎದ್ದಾಗ ಒಂದು ಕಣ್ಣಿನ ಅರ್ಧ ಭಾಗ ನೋವಿಲ್ಲದೆ ಮಸುಕಾಗಿರುವುದು ನಮ್ಮಲ್ಲಿ ಕಾಣದ ಸಂಗತಿಯಲ್ಲ. ಅಲ್ಲೂ ನರದ ತುದಿ ಊದಿರುತ್ತದೆ, ಆದರೆ ಅದು ನರಕ್ಕೆ ರಕ್ತ ಸಾಲದೆ ಆದ ಪೆಟ್ಟು. ಅದಕ್ಕೂ ಈ ಆಪರೇಷನ್ ಮಾಡಿ ನೋಡಿದ ದೊಡ್ಡ ಪರೀಕ್ಷೆಯ ಫಲ 1995ರಲ್ಲಿ ಬಂತು. ಆರು ತಿಂಗಳಲ್ಲಿ ಮೂರು ಸಾಲು ಅಥವಾ ಹೆಚ್ಚು ದೃಷ್ಟಿ ಕಳೆದುಕೊಂಡವರು ಆಪರೇಷನ್ ಆದವರಲ್ಲಿ ಶೇ. 24ರಷ್ಟು, ಸುಮ್ಮನೆ ಕಾದು ನೋಡಿದವರಲ್ಲಿ ಶೇ. 12ರಷ್ಟು. ಅಂದರೆ ಲಾಭವಿಲ್ಲದ್ದು ಮಾತ್ರವಲ್ಲ, ಹಾನಿ. ಇಂಥ ರೋಗಿಗೆ ಯಾರಾದರೂ ನರದ ಆಪರೇಷನ್ ಸೂಚಿಸಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಸಹಿ ಹಾಕಬೇಡಿ.

ಹೆದ್ದಾರಿಯ ಬೈಕ್ ಅಪಘಾತದಲ್ಲಿ ಹುಬ್ಬಿಗೆ ಪೆಟ್ಟು ಬಿದ್ದು ಕಣ್ಣು ಕಾಣದಾದವರಿಗೆ ಹೇಳುವುದು ಬೇರೆ ಆಪರೇಷನ್, ನರ ಹಾದುಬರುವ ಮೂಳೆಯ ಸುರಂಗವನ್ನು ಅಗಲಿಸುವುದು. 1999ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಅದರಿಂದಾಗಲಿ ಸ್ಟಿರಾಯ್ಡ್‌ನಿಂದಾಗಲಿ ಸ್ಪಷ್ಟ ಲಾಭ ಕಾಣಲಿಲ್ಲ. ಮೂಳೆಯ ಚೂರು ನರವನ್ನು ಚುಚ್ಚುತ್ತಿರುವುದು ಸಿಟಿ ಸ್ಕ್ಯಾನಿನಲ್ಲಿ ಕಂಡರೆ ಮಾತು ಬೇರೆ. ಗ್ಲಾಕೋಮಾದಲ್ಲಿಯೂ ಸಾಯುವುದು ಇದೇ ನರ, ಆದರೆ ಅಲ್ಲಿ ಒತ್ತಡ ಇರುವುದು ಗುಡ್ಡೆಯೊಳಗೆ, ಆಪರೇಷನ್ ಕೂಡ ಗುಡ್ಡೆಗೇ.

ಕಾಗದ, ದುಡ್ಡು, ಪ್ರಶ್ನೆ

ಕೋಲಾರದ ಎಸ್‌ಎನ್‌ಆರ್, ತುಮಕೂರಿನ ಜಿಲ್ಲಾ ಆಸ್ಪತ್ರೆಗಳಲ್ಲಿ, ಸುತ್ತಲಿನ ಮೆಡಿಕಲ್ ಕಾಲೇಜುಗಳಲ್ಲಿ ಕಣ್ಣಿನ ಹಿಂಭಾಗ ನೋಡಿಸಿ ರೆಫರಲ್ ಬರೆಸಿಕೊಳ್ಳಿ. ಮುಂದಿನದಕ್ಕೆ ಬೆಂಗಳೂರು: ನರದ ವಿಭಾಗಗಳಿಗೆ ನಿಮ್ಹಾನ್ಸ್, ಕಣ್ಣಿಗೆ 1896ರಲ್ಲಿ ಶುರುವಾದ ಸರ್ಕಾರಿ ಮಿಂಟೋ, ಅಲ್ಲದೆ ದೊಡ್ಡ ಖಾಸಗಿ ಆಸ್ಪತ್ರೆಗಳು. ಕಿಂಡಿಯ ಆಪರೇಷನ್ ಎಲ್ಲ ಕಣ್ಣಿನ ಆಸ್ಪತ್ರೆಯಲ್ಲೂ ಆಗುವುದಿಲ್ಲ. ಆರ್ಬಿಟ್ (ಕಣ್ಣಿನ ಗೂಡು) ಅಥವಾ ನ್ಯೂರೋ-ಆಫ್ತಲ್ಮಾಲಜಿ (ಕಣ್ಣಿನ ನರ) ವಿಭಾಗ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಹಾಲಿನ ಸೊಸೈಟಿ ಸದಸ್ಯರು ಯಶಸ್ವಿನಿ ಕಾರ್ಡನ್ನೂ ತೆಗೆದುಕೊಂಡು ಹೋಗಿ. ನಿಮ್ಮ ಆಪರೇಷನ್ನಿನ ಹೆಸರು ಪ್ಯಾಕೇಜ್ ಪಟ್ಟಿಯಲ್ಲಿದೆಯೇ, ವಾಲ್ವ್ ಅಥವಾ ಸ್ಟೆಂಟಿನ ದುಡ್ಡು ಅದರೊಳಗೆ ಬರುತ್ತದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರಲ್ಲಿ ಕೇಳಿ. ಹಳೆಯ ಪೆರಿಮೆಟ್ರಿ ಹಾಳೆಗಳನ್ನೆಲ್ಲ ತಾರೀಖಿನಂತೆ ಜೋಡಿಸಿಟ್ಟುಕೊಳ್ಳಿ. ಎಂಆರ್‌ಐನ ವರದಿ ಸಾಲದು, ಸಿಡಿ ಬೇಕು.

ಸರ್ಜನ್‌ಗೆ ಕೇಳಬೇಕಾದ್ದು ಮೂರೇ: ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ? ಇದು ಕೈಕೊಟ್ಟರೆ ಮುಂದಿನ ಹೆಜ್ಜೆ ಯಾವುದು, ಯಾರ ಬಳಿ? ಇನ್ನೆರಡು ದಾರಿಗಳನ್ನು ನನಗೆ ಬೇಡವೆಂದದ್ದು ಯಾಕೆ? ಮೂರನೆಯದಕ್ಕೆ ಕಾರಣ ಸಮೇತ ಉತ್ತರ ಬಂದರೆ ಧೈರ್ಯವಾಗಿ ಅಡ್ಮಿಟ್ ಆಗಿ.

ಆಪರೇಷನ್ ಆದ ಮೇಲೆ

ಕಿಂಡಿ ಮಾಡಿಸಿಕೊಂಡವರು ಎರಡು ಮೂರು ವಾರ ಟೊಮ್ಯಾಟೊ ಕ್ರೇಟ್, ನೀರಿನ ಬಿಂದಿಗೆ, ಹಸುವಿನ ಮೇವಿನ ಹೊರೆ ಎತ್ತಬಾರದು. ಕಣ್ಣಿಗೆ ನೀರು ಬೀಳುವ ತಲೆಸ್ನಾನ ಬೇಡ. ರೇಷ್ಮೆ ಮನೆಯ ಸುಣ್ಣ, ಬ್ಲೀಚಿಂಗ್ ಪುಡಿ, ಕೊಟ್ಟಿಗೆಯ ಧೂಳಿನಿಂದ ದೂರವಿರಬೇಕು. ಊತ ಇಳಿಯುವುದು ಮರುದಿನವಲ್ಲ, ವಾರಗಳಲ್ಲಿ. ಮೊದಲ ದಿನ, ಮೊದಲ ವಾರ, ಒಂದು ತಿಂಗಳು, ಮೂರು ತಿಂಗಳಿಗೆ ತೋರಿಸುವುದು ವಾಡಿಕೆ, ಅದರಾಚೆಗೂ ಪೆರಿಮೆಟ್ರಿ ನಿಲ್ಲಿಸುವಂತಿಲ್ಲ.

ಮುಂದಿನ ಭೇಟಿಯ ತಾರೀಖಿಗೆ ಕಾಯದೆ ಹೊರಡಬೇಕಾದ ಸಂದರ್ಭಗಳಿವೆ. ಕಿಂಡಿಯಾದ ಕಣ್ಣು ಉಬ್ಬಿ ಹೊರಬಂದಂತಾಗಿ ನೋಯುವುದು, ಬೆಳಕು ಮಂಕಾಗುವುದು. ಶಂಟ್ ಇರುವವರಿಗೆ ಜ್ವರ, ಕೊಳವೆಯ ಉದ್ದಕ್ಕೂ ಕೆಂಪು, ಹೊಟ್ಟೆನೋವು, ಮೊದಲಿನ ತಲೆನೋವು ವಾಂತಿಯೇ ಮರಳಿ ಬರುವುದು, ತೂಕಡಿಕೆ. ಸ್ಟೆಂಟ್ ಇರುವವರಿಗೆ ದಿಢೀರ್ ತೀವ್ರ ತಲೆನೋವು, ಮಾತು ತೊದಲುವುದು, ಕಪ್ಪು ಮಲ. ಯಾವುದೇ ಆಗಿದ್ದರೂ, ಬಗ್ಗಿದಾಗ ಕಣ್ಣಿಗೆ ಕತ್ತಲೆ ಕವಿಯುವುದು ಮತ್ತೆ ಶುರುವಾಯಿತೆಂದರೆ ಒತ್ತಡ ಮತ್ತೆ ಏರಿರಬಹುದು. ಕಡತ ಕೈಯಲ್ಲಿ ಹಿಡಿದು ಮೊದಲ ಬಸ್ಸಿಗೇ ಹತ್ತಿ, ಶಂಟ್ ಇದ್ದರೆ, ಇಲ್ಲವೇ ಮೇಲೆ ಹೇಳಿದ ಬೇರೆ ಲಕ್ಷಣ ಯಾವುದಾದರೂ ಕಂಡರೆ ಬಸ್ಸಿಗೂ ಕಾಯದೆ 108ಕ್ಕೆ ಫೋನ್ ಮಾಡಿ.